ಬರೆದುಕೊಂಡು ಹೋದದ್ದು ಊರಿಗೆ ಮರಳಲಿ

(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ವಿಶ್ವವಿದ್ಯಾಲಯವೆಂಬುದು ನಮ್ಮ ಭಾಗಕ್ಕೆ ಈಗ ದೂರದ ಮಾತಲ್ಲ. 2004ರಲ್ಲಿ ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ, 2008ರಲ್ಲಿ ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದವು. ರಾಯಚೂರು ವಿಶ್ವವಿದ್ಯಾಲಯದ ಕೃಷಿ ಕಾಲೇಜು ಭೀಮರಾಯನಗುಡಿಯಲ್ಲಿದೆ. ಕೃಷಿ ವಿಜ್ಞಾನ ಕೇಂದ್ರ ಸುರಪುರದ ಹತ್ತಿರ ಕವಡಿಮಟ್ಟಿಯಲ್ಲಿದೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲೇ ಬಂದು ಇರುತ್ತಾರೆ. ಇದರಿಂದ ಊರಿಗೆ ಏನು ಬಂತು ಎಂಬುದೇ ಇಂದಿನ ವಿಷಯ.

ಒಂದು ಉದಾಹರಣೆ ನೋಡೋಣ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದಲ್ಲಿ ಭತ್ತ ಹೆಚ್ಚಿತು, ಜೋಳದ ಕಣಿಕೆ ಕಡಿಮೆಯಾಯಿತು. ಉಳಿದದ್ದು ಭತ್ತದ ಹುಲ್ಲು. ಅದರಲ್ಲಿ ಸಸಾರಜನಕ ಶೇ. 3ರಿಂದ 4 ಮಾತ್ರ. ಆಕ್ಸಲೇಟ್ ಹೆಚ್ಚಿರುವುದರಿಂದ ಸುಣ್ಣದಂಶವೂ ದನಕ್ಕೆ ಸರಿಯಾಗಿ ದಕ್ಕದು. ವಿಜ್ಞಾನಿಗಳು ಇದಕ್ಕೆ ಯೂರಿಯಾ ಉಪಚಾರ ಕಂಡುಹಿಡಿದರು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಹರಡಿ ತಿನ್ನಿಸಬೇಕು. ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು. ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣಕ್ಕೇ ಅಪಾಯ.

ಉಪಚಾರದಿಂದ ಸಸಾರಜನಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೂ ಇದನ್ನು ಬಿಡದೆ ಮಾಡುವವರು ನನಗೆ ಸಿಕ್ಕಿದ್ದು ಕಡಿಮೆ. ಇದು ರೈತರ ಅಜ್ಞಾನವೆಂದು ಮೊದಲು ನಾನೂ ತಿಳಿದಿದ್ದೆ. ಒಮ್ಮೆ ಒಬ್ಬ ತಾಯಿ ಕೇಳಿದರು: "ಸಾಹೇಬ್ರ, ಐವತ್ತು ಲೀಟರ್ ನೀರು ಹೊರೋರು ಯಾರ್ರೀ? ಹೋದ ವರ್ಷ ಹುಡುಗ್ರು ಬಂದು ನಮ್ಮ ಎಮ್ಮಿ ಹಾಲು ಅಳದು ಬರಕೊಂಡು ಹೋದ್ರು. ಅದರಾಗ ಏನು ಬಂತಂತ ಯಾರೂ ಹೇಳಲಿಲ್ಲ." ಆ ವಿದ್ಯಾರ್ಥಿಗಳನ್ನು ಅವರ ಮನೆಗೆ ಕರೆದೊಯ್ದವನು ನಾನೇ. ನನ್ನಲ್ಲಿ ಉತ್ತರವಿರಲಿಲ್ಲ.

ಹುಲ್ಲಿನ ಗುಣವನ್ನು ಪ್ರಯೋಗಾಲಯ ಹೇಳಬಲ್ಲದು. ನೀರು ಹೊರುವ ಕಷ್ಟ, ತಾಡಪತ್ರಿಯ ಖರ್ಚು, ಒಂದೇ ಎಮ್ಮೆ ಇರುವ ಮನೆಯ ಭಯ, ಇವನ್ನು ನೀವೇ ಹೇಳಬೇಕು. ಎರಡೂ ಕೂಡಿದರೆ ಮಾತ್ರ ಅದು ಸಹಭಾಗಿತ್ವ.

ಆದ್ದರಿಂದ ಇನ್ನು ಯಾರೇ ಸಂಶೋಧನೆಗೆ ಬಂದರೂ ಸಂಘದ ಸಭೆಯಲ್ಲಿ ಮೂರು ಮಾತು ಕೇಳಿರಿ. ಒಂದು, ಈ ಪ್ರಯೋಗ ನಮ್ಮ ಯಾವ ತೊಂದರೆಗೆ? ಎರಡು, ಪ್ರಯೋಗದಿಂದ ಹಾಲು ಇಳಿದರೆ ನಷ್ಟ ಯಾರದು? ಮೂರು, ಫಲಿತಾಂಶವನ್ನು ಯಾವಾಗ ಬಂದು ಕನ್ನಡದಲ್ಲಿ ಓದಿ ಹೇಳುತ್ತೀರಿ? ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ಬರೆಸಿರಿ.

ನೀವೂ ಬರಿಗೈಯವರಲ್ಲ. ಹಾಲಿನ ಪ್ರಮಾಣ, ಕೊಬ್ಬಿನಂಶ ದಿನವೂ ನಿಮ್ಮ ಸಂಘದಲ್ಲಿ ದಾಖಲಾಗುತ್ತವೆ. ಮೇವು ಬದಲಿಸಿದ ದಿನವನ್ನೂ ಗುರುತು ಹಾಕಿಕೊಂಡರೆ ಅದೇ ಒಂದು ಸಂಶೋಧನೆಯ ಆರಂಭ. ತೊಗರಿ ಹೊಟ್ಟನ್ನು ಎಷ್ಟು ಬೆರೆಸಿದರೆ ಎಮ್ಮೆ ಹುಲ್ಲು ಬಿಡದೆ ತಿನ್ನುತ್ತದೆಂದು ನಮ್ಮ ತಾಯಂದಿರಿಗೆ ಗೊತ್ತು. ವಿಜ್ಞಾನಿಗಳು ಅದನ್ನೂ ಕೇಳಿ ಬರೆದುಕೊಳ್ಳಲಿ, ಬರೆದುಕೊಂಡದ್ದನ್ನು ಮರಳಿ ಊರಿಗೆ ತಂದು ಒಪ್ಪಿಸಲಿ. ಹಾಗೆ ಒಪ್ಪಿಸುವ ಸಭೆಗೆ ಅವರನ್ನು ಕರೆತರುವ ಹೊಣೆ ನನ್ನದೂ ಹೌದೆಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.