ತೊಗರಿಯ ದರ, ಭೀಮೆಯ ನೀರು, ನಮ್ಮ ಮಾತು

  

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಂದ ರೈತ ಬಾಂಧವರೆ, ತಾಯಂದಿರೆ, ಒಂದಕ್ಕೊಂದು ಹೆಣೆದುಕೊಂಡ ಜಾಗತಿಕ ಅಪಾಯಗಳ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ವಿಷಯ ಈ ಮಣ್ಣಿಗೆ ಹೊಸದಲ್ಲ. 1876ರಿಂದ 1878ರವರೆಗಿನ ಮಹಾ ಬರದ ಹೊತ್ತಿಗೆ ನಮ್ಮ ಸೀಮೆ ಕಲಾದಗಿ ಜಿಲ್ಲೆಗೆ ಸೇರಿತ್ತು. ಮುಂಬಯಿ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಅದೂ ಒಂದು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿ, ಬ್ರೆಜಿಲಿನ ಈಶಾನ್ಯದಲ್ಲಿ ಕೂಡ ಮಳೆ ಕೈಕೊಟ್ಟಿತ್ತು. ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೊ ಇದರ ಹಿಂದೆ ಇತ್ತೆಂದು ವಿಜ್ಞಾನಿಗಳು ಈಗ ಹೇಳುತ್ತಾರೆ. ದಖ್ಖನ್ನಿನಲ್ಲಿ ಜನ ಸಾಯುತ್ತಿದ್ದಾಗಲೇ ಹಿಂದುಸ್ತಾನದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಯಿತು. ಆ ಕಾಳು ಹೋಗಲಿ ಎಂದು ಒಪ್ಪಿದವರು ಇಲ್ಲಿಯ ಒಬ್ಬನನ್ನೂ ಕೇಳಿರಲಿಲ್ಲ.

ಕೇಳದೆ ತೀರ್ಮಾನಿಸುವ ಆ ಚಾಳಿ ಇನ್ನೂ ಹೋಗಿಲ್ಲ. ತೊಗರಿಯ ಕಥೆಯನ್ನೇ ನೋಡಿ. 2014, 2015 ಎರಡೂ ವರ್ಷ ಮುಂಗಾರು ಸೊರಗಿತು. 2015ರ ಕೊನೆಗೆ ಪಟ್ಟಣಗಳಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರ ಜುಲೈನಲ್ಲಿ ಭಾರತ ಸರ್ಕಾರ ಆಫ್ರಿಕಾದ ಮೊಜಾಂಬಿಕ್ ದೇಶದೊಡನೆ ಒಪ್ಪಂದ ಮಾಡಿಕೊಂಡಿತು: ವರ್ಷಕ್ಕೆ ಒಂದು ಲಕ್ಷ ಟನ್ನಿನಿಂದ ಶುರುವಾಗಿ ಐದು ವರ್ಷದಲ್ಲಿ ಎರಡು ಲಕ್ಷ ಟನ್ ಕಾಳು ತರಿಸುವುದು. ಅದೇ ಹಂಗಾಮಿಗೆ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಾಲಿಗೆ 5,050 ರೂಪಾಯಿಗೆ ಏರಿತು. ಮಳೆಯೂ ಚೆನ್ನಾಗಿ ಆಯಿತು. ನಮ್ಮವರು ಎರಿಭೂಮಿಯ ತುಂಬ ತೊಗರಿ ಬಿತ್ತಿದರು. ದೇಶದ ಒಟ್ಟು ಉತ್ಪಾದನೆ ಹಿಂದಿನ ವರ್ಷದ ಎರಡು ಪಟ್ಟಿನ ಹತ್ತಿರ ಬಂತು.

ಮುಂದಿನದು ನಿಮಗೇ ಗೊತ್ತು. 2017ರ ಆರಂಭದಲ್ಲಿ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. ರಾಶಿ ಮುಗಿಸಿ, ಚೀಲ ಹೊಲಿದು, ಟ್ರ್ಯಾಕ್ಟರಿನಲ್ಲಿ ತಂದವರು ಖರೀದಿ ಕೇಂದ್ರದ ಮುಂದೆ ಪಹಣಿ, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್ ಹಿಡಿದು ಸರದಿ ನಿಂತರು. ಖಾಲಿ ಚೀಲ ಬಂದಿಲ್ಲವೆಂದು ತೂಕ ನಿಂತ ದಿನಗಳೂ ಇದ್ದವು. ಸಾಲದವರು ಬಾಗಿಲಿಗೆ ಬಂದಿದ್ದರಿಂದ ಎಷ್ಟೋ ಜನ ಕಾಯಲಾರದೆ ಅಡತಿ ಅಂಗಡಿಗೆ ಸಿಕ್ಕ ದರಕ್ಕೆ ಸುರಿದು ಮನೆಗೆ ಹೋದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ಎರಡು ಲಕ್ಷ ಟನ್ನಿನ ಮಿತಿ ಹಾಕಿತು. ಮೊಜಾಂಬಿಕ್‌ನ ಒಪ್ಪಂದ ಉಳಿಯಿತಾದರೂ ಅಲ್ಲಿಯ ದರ ನೆಲ ಕಚ್ಚಿತು. ಭಾರತ ಕೊಳ್ಳುತ್ತದೆಂದು ನಂಬಿ ಬಿತ್ತಿದ ಸಣ್ಣ ರೈತರು ಕೈಸುಟ್ಟುಕೊಂಡರು. ಅವರೂ ನಮ್ಮ ಹಾಗೆ ಎರಡು ಮೂರು ಎಕರೆಯವರು, ಮಳೆ ನಂಬಿದವರು. ಅವರ ಕಾಳು ನಮ್ಮ ದರ ಇಳಿಸಿತೆಂದು ಅವರನ್ನು ಬೈಯುವವರ ಜೊತೆ ನಾನಿಲ್ಲ. ಬಿತ್ತಿದ ಮೇಲೆ ನೀತಿ ಬದಲಿಸಿದರೆ ಎರಡು ಖಂಡದ ರೈತರೂ ಒಟ್ಟಿಗೇ ಸೋಲುತ್ತಾರೆ. 2021ರ ಮೇ ತಿಂಗಳಲ್ಲಿ ಆಮದು ಮತ್ತೆ ಮುಕ್ತವಾಯಿತು. ಅದರ ಗಡುವು ಆಮೇಲೆ ಮತ್ತೆ ಮತ್ತೆ ಮುಂದೆ ಹೋಗಿದೆ.

ಇನ್ನು ನೀರು. ಬರದ ವರ್ಷಗಳಲ್ಲಿ ಇಂಡಿಯವರು ಟ್ಯಾಂಕರ್ ನೀರು ಕೊಂಡು ಲಿಂಬೆ ಗಿಡ ಉಳಿಸಿಕೊಂಡರು. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಲಿಂಬೆ ಅದೇ. 2020ರ ಅಕ್ಟೋಬರಿನಲ್ಲಿ ಅದೇ ಸೀಮೆಯಲ್ಲಿ ಭೀಮಾ ನದಿ ದಂಡೆ ಮೀರಿ ಹೊಲ, ಮನೆಗೆ ನುಗ್ಗಿತು. ಮೇಲೆ ಸೊಲ್ಲಾಪುರ ಸೀಮೆಯಲ್ಲಿ ವಿಪರೀತ ಮಳೆ, ಉಜನಿ ಜಲಾಶಯದಿಂದ ಭಾರಿ ಹೊರಹರಿವು. ಗೇಟು ಇನ್ನೊಂದು ರಾಜ್ಯದ್ದು, ಮುಳುಗುವ ತೊಗರಿ ನಮ್ಮದು. ಎಷ್ಟು ನೀರು ಬಿಡುತ್ತಾರೆ, ನಮ್ಮ ಊರಿಗೆ ಯಾವ ಹೊತ್ತಿಗೆ ಬರುತ್ತದೆ ಎಂಬುದು ದಂಡೆಯ ಹಳ್ಳಿಗೆ ಮೊದಲೇ ತಿಳಿಯುವುದು ಹಕ್ಕು. ಅದನ್ನು ಉಪಕಾರವೆಂದು ಕೊಡಬಾರದು.

ಆದರೆ ಕೃಷ್ಣೆಯಲ್ಲಿ ಗೇಟಿನ ಕೀಲಿ ನಮ್ಮ ಕಡೆ ಇದೆ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು. ಆ ನೀರು ನಮಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸಾಂಗಲಿ, ಕೊಲ್ಲಾಪುರದವರು ಹಿನ್ನೀರಿನಿಂದ ಮುಳುಗುತ್ತೇವೆಂದು ಅಂಜುತ್ತಾರೆ. 2019ರ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲವೆಂದು ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೆರೆ ಸಮಿತಿ ಹೇಳಿದೆ. ಹಾಗಂತ ಅವರ ಅಂಜಿಕೆಗೆ ನಾವು ಕಿವಿ ಮುಚ್ಚಿಕೊಳ್ಳಬಾರದು. ಉಜನಿಯಿಂದ ನಾವು ಕೇಳುವ ಮಾಹಿತಿಯನ್ನೇ ಆಲಮಟ್ಟಿಯಿಂದ ಅವರಿಗೆ ತಾಸು ತಾಸಿಗೆ ಕೊಡಬೇಕು. ನಾರಾಯಣಪುರ ಜಲಾಶಯದ ಕೆಳಗಿನವರಿಗೂ ಅಷ್ಟೇ.

ಜಗತ್ತಿನ ಮಟ್ಟದಲ್ಲೂ ಇಂಥ ಮಾತು ನಡೆದಿದೆ. ಹವಾಮಾನ ಬದಲಾವಣೆಯಿಂದ ಹಾನಿಗೀಡಾದ ದೇಶಗಳಿಗೆಂದು ಪರಿಹಾರ ನಿಧಿಯೊಂದು ಬೇಕೆಂದು 2022ರಲ್ಲಿ ಈಜಿಪ್ಟಿನ ಹವಾಮಾನ ಸಮ್ಮೇಳನ ಒಪ್ಪಿತು. 2027ರೊಳಗೆ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಮುನ್ನೆಚ್ಚರಿಕೆ ಮುಟ್ಟಿಸುತ್ತೇವೆಂದು ವಿಶ್ವಸಂಸ್ಥೆ ಅದೇ ವರ್ಷ ಹೇಳಿತು. ಒಳ್ಳೆಯ ಮಾತುಗಳೇ. ಅವು ಭೀಮಾ ದಂಡೆಯ ಪಂಚಾಯಿತಿಗೆ ಕನ್ನಡದಲ್ಲಿ, ರಾತ್ರಿ ನೀರು ಬರುವ ಮೊದಲು ತಲುಪಿದರೆ ಮಾತ್ರ ನಮಗೆ ಉಪಯೋಗ.

ಆದ್ದರಿಂದ ಈ ಸಭೆ ಮುಗಿಯುವ ಮೊದಲು ಒಂದು ಠರಾವು ಆಗಲಿ. ಆಮದು ನೀತಿ ಮಿರಗ ಮಳೆಗೆ ಮುಂಚೆ ಪ್ರಕಟವಾಗಿ ರಾಶಿ ಮುಗಿಯುವವರೆಗೆ ಬದಲಾಗಬಾರದು. ಭೀಮೆ, ಕೃಷ್ಣೆ ಎರಡರ ನೀರು ಬಿಡುವ ಸಮಿತಿಗಳಲ್ಲಿ ದಂಡೆಯ ಹಳ್ಳಿಗಳ ಪ್ರತಿನಿಧಿಗಳು ಕೂಡಬೇಕು, ಎರಡೂ ರಾಜ್ಯದವರು. ಪ್ರತಿಯೊಂದು ಗ್ರಾಮ ಪಂಚಾಯಿತಿಯವರೂ ಈ ಠರಾವಿಗೆ ಸಹಿ ಹಾಕಲಿ. ಒಂದು ಪ್ರತಿ ಬೆಂಗಳೂರಿಗೆ, ಒಂದು ದಿಲ್ಲಿಗೆ, ಇನ್ನೊಂದನ್ನು ಮರಾಠಿಗೆ ತಿರುಗಿಸಿ ಸೊಲ್ಲಾಪುರ, ಸಾಂಗಲಿಯ ರೈತರಿಗೆ ಕಳಿಸೋಣ. ಅವರ ಸಹಿ ತರುವ ಕೆಲಸವನ್ನು ಈ ಸಭೆಯ ತರುಣರು ವಹಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.