ಗೆದ್ದ ಮೇಲೂ ಪ್ರೀತಿ



ಬೆತ್ಲೆಹೇಮಿನ ಛತ್ರದಲ್ಲಿ ಮರಿಯಮ್ಮ, ಜೋಸೆಫರಿಗೆ ಸ್ಥಳ ಸಿಗಲಿಲ್ಲ. ಅಮೆರಿಕದ ಮಾಂಟ್ಗೊಮೆರಿ ನಗರದ ಬಸ್ಸುಗಳಲ್ಲೂ ಬಿಳಿಯರಿಗೆ ಸೀಟು ಸಾಲದಿದ್ದರೆ ಕಪ್ಪು ವರ್ಣದವರು ಎದ್ದು ನಿಲ್ಲಬೇಕಿತ್ತು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಏಳಲಿಲ್ಲ, ಬಂಧನಕ್ಕೊಳಗಾದರು. ಅವರ ಜನ 381 ದಿನ ಬಸ್ಸು ಹತ್ತದೆ ನಡೆದರು. ಮುಖಂಡರಾದ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಮನೆಗೆ ಬಾಂಬ್ ಎಸೆದರು. ಸಿಟ್ಟಿನಿಂದ ನೆರೆದವರಿಗೆ ಅವರು, ಆಯುಧ ಬಿಡಿ, ಶತ್ರುಗಳನ್ನು ಪ್ರೀತಿಸಿ ಎಂದರು.

ಸುಪ್ರೀಂ ಕೋರ್ಟಿನ ತೀರ್ಪಿನಿಂದ 1956ರ ಡಿಸೆಂಬರ್ 21ರಂದು, ಕ್ರಿಸ್ಮಸ್ಸಿಗೆ ನಾಲ್ಕೇ ದಿನ ಮುಂಚೆ, ಅವರು ಇಷ್ಟಬಂದ ಸೀಟಿನಲ್ಲಿ ಕುಳಿತರು. ಗೆಲುವನ್ನು ಮೆರೆಸಬೇಡಿ, ಬೈದರೆ ತಿರುಗಿ ಬೈಯಬೇಡಿ ಎಂದು ಅವರಿಗೆ ಮೊದಲೇ ತಿಳಿಸಲಾಗಿತ್ತು.

ಪ್ರಿಯರೇ, ಅನ್ಯಾಯಕ್ಕೆ ತಲೆಬಾಗದೆ, ನಮ್ಮನ್ನು ಎಬ್ಬಿಸಿದವರ ಪಕ್ಕದಲ್ಲೇ ದ್ವೇಷವಿಲ್ಲದೆ ಕುಳಿತುಕೊಳ್ಳುವ ಕೃಪೆಯನ್ನು ಬಾಲಯೇಸು ನಮಗೆ ನೀಡಲಿ. ಆಮೆನ್.