ಹಿತ್ತಲ ಪಾತಿಗೂ ಒಂದು ಲೆಕ್ಕದ ಪುಸ್ತಕ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಬರಗೂರಿನಲ್ಲಿ ನಡೆದ ಸಮಾರಂಭದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ನಾನು ಭಾಷಣಕಾರನಲ್ಲ. ಸಾಲ, ಬಡ್ಡಿ, ಷೇರಿನ ವಿಷಯವನ್ನು ಬಲ್ಲವರು ಆಗಲೇ ಹೇಳಿದ್ದಾರೆ. ನಾನು ಮನೆ ಹಿಂದಿನ ಹಿತ್ತಲ ಬಗ್ಗೆ ಹೇಳ್ತೀನಿ. ಇದು ಸಣ್ಣ ವಿಷಯ ಅಂತ ನಗಬೇಡಿ. ಹಿತ್ತಲಲ್ಲಿ ಕಾಯಿಪಲ್ಲೆ ಬರದಿದ್ದರೆ ಸಂತೆಗೆ ದುಡ್ಡು ಹೋಗುತ್ತೆ. ದುಡ್ಡಿಲ್ಲದ ವಾರ ಮುದ್ದೆಗೆ ಬರೀ ಹುಣಸೆಹಣ್ಣಿನ ಗೊಜ್ಜೇ ಗತಿ.

ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಮೊದಲ ಸಂಘಗಳಲ್ಲಿ ಒಂದು ಅದು. ಅಂದಿನಿಂದ ಇಂದಿನವರೆಗೆ ಸಂಘದ ನಿಯಮ ಒಂದೇ: ಪಡೆದದ್ದನ್ನು ತೀರಿಸಿದವನಿಗೆ ಮತ್ತೆ ಪಡೆಯುವ ಹಕ್ಕು. ಮಣ್ಣಿನ ನಿಯಮವೂ ಅದೇ. ನಾನು ಅದನ್ನು ತಡವಾಗಿ, ನಷ್ಟ ಮಾಡಿಕೊಂಡು ಕಲಿತೆ.

ನಮ್ಮವ್ವ ಈ ವರ್ಷ ಬದನೆಯನ್ನು ಬಚ್ಚಲ ಹತ್ತಿರ ಹಾಕಿದರೆ ಮರುವರ್ಷ ಬೇಲಿ ಕಡೆ ಹಾಕೋಳು. ಬದನೆ ಇದ್ದ ಕಡೆ ಅಲಸಂದೆ ಊರೋಳು. ಯಾಕವ್ವ ಅಂದ್ರೆ, ಒಂದೇ ಕಡೆ ಇಟ್ಟರೆ ನೆಲಕ್ಕೆ ಬೇಜಾರಾಗುತ್ತೆ ಕಣೋ ಅನ್ನೋಳು. ಅವಳು ಹೋದ ಮೇಲೆ ನಾನು ಬುದ್ಧಿವಂತನಾದೆ. ಬೆಲೆ ಬರುತ್ತೆ ಅಂತ ಇಡೀ ಹಿತ್ತಲಿಗೆ ಟೊಮೆಟೊ ಹಾಕಿದೆ. ಮೊದಲ ವರ್ಷ ಬುಟ್ಟಿ ಬುಟ್ಟಿ ಕಿತ್ತೆವು. ಎರಡನೇ ವರ್ಷ ಅರ್ಧಕ್ಕೆ ಇಳಿಯಿತು. ಸಾಲ ಮಾಡಿ ಗೊಬ್ಬರ ತಂದು ಸುರಿದು, ಮೂರನೇ ವರ್ಷವೂ ಅದನ್ನೇ ಹಾಕಿದೆ. ಕಾಯಿ ತುಂಬಿದ ಗಿಡಗಳು ಹಸಿರಾಗಿರುವಾಗಲೇ ಮಧ್ಯಾಹ್ನ ತಲೆ ಬಾಗಿಸಿದವು. ನೀರು ಸಾಲದು ಅಂದುಕೊಂಡು ಇನ್ನಷ್ಟು ನೀರು ಬಿಟ್ಟೆ. ಒಂದೇ ವಾರದಲ್ಲಿ ಸಾಲಿಗೆ ಸಾಲೇ ಮಲಗಿತು.

ಕೃಷಿ ಬಲ್ಲವರೊಬ್ಬರು ಬಂದು ಸೊರಗಿದ ಗಿಡದ ಕಾಂಡವನ್ನು ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿದರು. ಸ್ವಲ್ಪ ಹೊತ್ತಿಗೆ ಹಾಲಿನಂಥ ಬಿಳಿ ಎಳೆ ಇಳಿಯಿತು. ಇದು ದುಂಡಾಣು ಸೊರಗು ರೋಗ, ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತೆ, ನೀರಿನ ಜೊತೆ ಹರಿದು ಪಕ್ಕದ ಪಾತಿಗೂ ಹೋಗುತ್ತೆ ಅಂದರು. ನಾನೇ ನೀರು ಬಿಟ್ಟು ಹರಡಿದ್ದೆ. ಟೊಮೆಟೊ ಹೋದ ಜಾಗಕ್ಕೆ ಮನೆಯಾಕೆ ಬದನೆ ಇಟ್ಟಳು, ಅದೂ ಸತ್ತಿತು. ಮೆಣಸಿನ ಸಸಿ ಇಟ್ಟಳು, ಅದೂ ಸೊರಗಿತು. ಆ ವರ್ಷ ನಮ್ಮ ಮನೆಯಾಕೆ ಕೂಲಿ ದುಡ್ಡಿನಲ್ಲಿ ಸಂತೆಯಿಂದ ಕಾಯಿಪಲ್ಲೆ ತಂದಳು. ಗೊಬ್ಬರದ ಸಾಲದ ಕಂತು ಬೇರೆ ತಲೆ ಮೇಲಿತ್ತು.

ಬದನೆ, ಮೆಣಸಿನಕಾಯಿ ಯಾಕೆ ಸತ್ತವು? ನಮ್ಮ ಕಣ್ಣಿಗೆ ಅವು ಬೇರೆ ಬೇರೆ ಬೆಳೆ. ಆದರೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ನಾಲ್ಕೂ ಒಂದೇ ಕುಲದವು. ಅಣ್ಣನ ಮನೆಗೆ ಬಂದ ರೋಗ ತಮ್ಮನ ಮನೆಗೂ ನುಗ್ಗುತ್ತೆ. ಆದ್ದರಿಂದ ಬೆಳೆ ಬದಲಿಸಿದರೆ ಸಾಲದು, ಕುಲ ಬದಲಿಸಬೇಕು. ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇದೇ.

ಈಗ ನಾವು ಮಾಡುತ್ತಿರುವ ಕ್ರಮ ಹೇಳ್ತೀನಿ. ಹಿತ್ತಲಲ್ಲಿ ನಾಲ್ಕು ಪಾತಿ ಮಾಡಿ. ಅಗಲ ನಾಲ್ಕು ಅಡಿ ಇರಲಿ, ಎರಡೂ ಕಡೆಯಿಂದ ಕೈ ಎಟಕುತ್ತೆ. ಉದ್ದ ನಿಮ್ಮ ಜಾಗ ಇದ್ದಷ್ಟು.

ಮೊದಲನೇ ಪಾತಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ಟೊಮೆಟೊ, ಬದನೆ, ಮೆಣಸಿನಕಾಯಿ. ಎರಡನೆಯದಕ್ಕೆ ಈರುಳ್ಳಿ, ಮೂಲಂಗಿ. ಮೂರನೆಯದಕ್ಕೆ ಅಲಸಂದೆ, ಗೋರಿಕಾಯಿ, ಹುರುಳಿಕಾಯಿ, ಅವರೆ. ನಾಲ್ಕನೆಯದಕ್ಕೆ ದಂಟು, ಪಾಲಕ್, ಕೊತ್ತಂಬರಿ, ಪಕ್ಕದಲ್ಲಿ ಬೆಂಡೆ. ಮುಂಗಾರಿಗೆ ಒಂದು ಸಲ, ಹಿಂಗಾರಿಗೆ ಒಂದು ಸಲ ಬೆಳೆ ಜರುಗಿಸಿ. ಟೊಮೆಟೊ ಇದ್ದ ಪಾತಿಗೆ ಈರುಳ್ಳಿ, ಈರುಳ್ಳಿ ಇದ್ದ ಕಡೆ ಕಾಳಿನ ಬೆಳೆ, ಕಾಳಿನ ಕಡೆ ಸೊಪ್ಪು, ಸೊಪ್ಪಿನ ಕಡೆ ಗೊಬ್ಬರ ಹಾಕಿ ಟೊಮೆಟೊ. ಹೀಗೆ ತಿರುಗಿದರೆ ಎರಡು ವರ್ಷಕ್ಕೊಮ್ಮೆ ಮೊದಲ ಜಾಗಕ್ಕೆ ಬರುತ್ತೆ. ಬದನೆ ಎರಡು ಕಾಲ ಕಾಯಿ ಬಿಡುತ್ತೆ, ಕೀಳಬೇಡಿ. ಕಿತ್ತ ಮೇಲೆ ಅದರ ಕುಲದವರನ್ನು ಅಲ್ಲಿಗೆ ತರಬೇಡಿ. ಹೀರೆ, ಸೋರೆ, ಪಡವಲ, ಹಾಗಲ ಒಂದೇ ಕುಲ. ಅವುಗಳ ಗುಣಿಯನ್ನೂ ಬೇಲಿ ಉದ್ದಕ್ಕೆ ಬದಲಿಸುತ್ತಾ ಹೋಗಿ. ಬೇಸಿಗೆಯಲ್ಲಿ ಹೇಗೂ ನೀರಿಲ್ಲ. ಪಾತಿ ಅಗೆದು ಮಣ್ಣು ತಿರುವಿ ಬಿಸಿಲಿಗೆ ಬಿಡಿ, ಕೆಲವು ಹುಳ, ಕಳೆ ಸಾಯುತ್ತೆ.

ಕಾಳಿನ ಬೆಳೆಯ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಸೀಳಿ ನೋಡಿ, ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೀತಿದೆ ಅಂತ ಅರ್ಥ. ಆದರೆ ಗಿಡವನ್ನು ಬೇರು ಸಮೇತ ಕಿತ್ತು ಎಸೆದರೆ ಠೇವಣಿ ವಾಪಸ್ ತೆಗೆದ ಹಾಗೆ. ಬುಡಕ್ಕೆ ಕುಯ್ದು ಬೇರನ್ನು ಮಣ್ಣಲ್ಲೇ ಬಿಡಿ, ಸೊಪ್ಪನ್ನು ಗುಂಡಿಗೆ ಹಾಕಿ ಗೊಬ್ಬರ ಮಾಡಿ. ಇನ್ನೊಂದು ಎಚ್ಚರಿಕೆ. ಈ ಗಂಟು ಉಜ್ಜಿದರೆ ಉದುರುತ್ತೆ. ಟೊಮೆಟೊ, ಬೆಂಡೆ ಬೇರೇ ಊದಿಕೊಂಡು, ಉಜ್ಜಿದರೂ ಉದುರದ ಗಂಟಾಗಿದ್ದರೆ ಅದು ಜಂತುಹುಳುವಿನ ಕಾಟ. ಅದಕ್ಕೆ ಮುಕ್ಕಾಲು ತರಕಾರಿಗಳೂ ಆಹಾರವೇ. ಅಂಥ ಪಾತಿಗೆ ಒಂದು ಕಾಲ ಚೆಂಡುಹೂವನ್ನೇ ಒತ್ತಾಗಿ ಹಾಕಿ. ಹಬ್ಬಕ್ಕೆ ಹೂವೂ ಆಯಿತು, ಹುಳುವೂ ಕಡಿಮೆಯಾಯಿತು.

ಸರದಿಯಿಂದ ಎಲ್ಲವೂ ವಾಸಿಯಾಗುತ್ತೆ ಅಂತ ನಾನು ಹೇಳಲಾರೆ. ಎಲೆ ಮುಟುರು ರೋಗವನ್ನು ಬಿಳಿನೊಣ ತರುತ್ತೆ, ಅದಕ್ಕೆ ಪಾತಿ ಬದಲಿಸಿದ್ದು ಗೊತ್ತಾಗಲ್ಲ. ದುಂಡಾಣು ಸೊರಗು ಬಂದ ಜಾಗಕ್ಕೆ ಎರಡು ವರ್ಷವೂ ಸಾಲದು. ನಾನು ಆ ಪಾತಿಗೆ ರಾಗಿ ಚೆಲ್ಲಿದೆ, ಈರುಳ್ಳಿ ಹಾಕಿದೆ, ನೀರಿನ ಕಾಲುವೆ ಬೇರೆ ಮಾಡಿದೆ, ಸತ್ತ ಗಿಡಗಳನ್ನು ತಿಪ್ಪೆಗೆ ಹಾಕದೆ ಸುಟ್ಟೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸೊರಗು ತಡೆಯುವ ಅರ್ಕಾ ನಿಧಿ ಬದನೆ, ಅರ್ಕಾ ರಕ್ಷಕ್ ಟೊಮೆಟೊ ತಳಿಗಳನ್ನು ಕೊಟ್ಟಿದ್ದಾರೆ. ನಮ್ಮ ತುಮಕೂರು ಹತ್ತಿರದ ಹಿರೇಹಳ್ಳಿಯಲ್ಲೂ ಅವರ ಕೇಂದ್ರ ಇದೆ, ಹೋಗಿ ಕೇಳಿ. ತಳಿಯಿಂದ ಅನುಕೂಲ ಉಂಟು, ಆದರೆ ತಳಿ ಇದೆ ಅಂತ ಸರದಿ ಬಿಡಬೇಡಿ.

ಇದೆಲ್ಲ ಹೊಸ ವಿದ್ಯೆಯಲ್ಲ. ರಾಗಿ ಹೊಲದಲ್ಲಿ ತೊಗರಿ, ಅವರೆ, ಹುಚ್ಚೆಳ್ಳು, ಜೋಳದ ಅಕ್ಕಡಿ ಸಾಲು ಬಿಟ್ಟವರು ನಮ್ಮ ಹಿರಿಯರೇ. ಹೊಲದಲ್ಲಿ ಗೊತ್ತಿದ್ದದ್ದನ್ನು ನಾವು ಹಿತ್ತಲಲ್ಲಿ ಮರೆತೆವು.

ಕೊನೆಗೆ ಎರಡು ಕೋರಿಕೆ. ಮಕ್ಕಳ ಹಳೇ ನೋಟ್ ಪುಸ್ತಕದಲ್ಲಿ ನಾಲ್ಕು ಚೌಕ ಬರೆದು, ಯಾವ ಪಾತಿಗೆ ಯಾವಾಗ ಏನು ಹಾಕಿದಿರಿ ಅಂತ ಬರೆದಿಡಿ; ನೆನಪು ನಂಬಬೇಡಿ. ಎರಡನೆಯದು ಸಂಘಕ್ಕೆ: ಸದಸ್ಯರಿಗೆ ತರಕಾರಿ ಬೀಜ ತರಿಸುವುದಾದರೆ ಒಂದೇ ಟೊಮೆಟೊ ಬೀಜ ಬೇಡ, ನಾಲ್ಕು ಪಾತಿಗೆ ನಾಲ್ಕು ಪೊಟ್ಟಣ ಇರಲಿ.

ನಮ್ಮ ಹಿತ್ತಲ ಆ ಪಾತಿಯಲ್ಲಿ ಈಗ ಅಲಸಂದೆ ಹೂ ಬಿಟ್ಟಿದೆ. ಅವ್ವ ಹೇಳಿದ ನೆಲದ ಬೇಜಾರು ಏನು ಅಂತ ನನಗೆ ಈಗ ಅರ್ಥವಾಗಿದೆ. ಸಂಘ ಇನ್ನೂ ಬೆಳೆದು ಚಿನ್ನದ ಹಬ್ಬ ಕಾಣಲಿ ಅಂತ ಹಾರೈಸಿ, ನನ್ನ ಮಾತು ಮುಗಿಸ್ತೀನಿ.